ಹನ್ನೆರಡು ಬಟನ್ನಿನ ಮೌಸು, ಮೂವತ್ತಾರು ಮಂದಿ ಬಳಗ

ಪ್ರಿಂಟಿಂಗ್ ಪ್ರೆಸ್ಸಿನಾಗ ಕೆಲಸ ಮಾಡೋರಿಗೆ ನಗಲಿಕ್ಕೆ ಬ್ಯಾರೆ ಕಡೆ ಹೋಗೋ ಜರೂರ ಇಲ್ಲ ನೋಡ್ರಿ. ಮಂದಿ ತಮ್ಮ ಮನಿ ಮದುವಿ, ಮುಂಜಿವಿ, ಹದಿಮೂರನೇ ದಿವಸ ಎಲ್ಲಾ ತಂದು ನಮ್ಮ ಟೇಬಲ್ ಮ್ಯಾಲ ಸುರವ್ತಾರ, ಹೋಗೋ ಮುಂದ ಏನರೆ ಒಂದು ತಮಾಷಿ ಬಿಟ್ಟು ಹೋಗ್ತಾರ. ಮೂವತ್ತು ವರ್ಷ ಆತು, ಪುಣೆಯ ಧನಕವಡಿಯ ಈ ಪ್ರೆಸ್ಸಿನಾಗ ಕನ್ನಡ ಟೇಬಲ್ ನಂದು. ಕನ್ನಡ ಟೇಬಲ್ ಅಂದ್ರ ದೊಡ್ಡ ಖಾತೆ ಅಂತ ತಿಳಕೋಬ್ಯಾಡ್ರಿ. ಒಂದು ಟೇಬಲ್, ಒಂದು ಕಂಪ್ಯೂಟರ್, ಒಂದು ಖುರ್ಚಿ, ಖುರ್ಚಿ ಮ್ಯಾಲ ನಾನು. ವಿಜಯಪುರದ ಕಡೆಯಿಂದ ಬಂದಾಗ ಸೀಸದ ಮೊಳಿ ಜೋಡಸ್ತಿದ್ದೆ, ಈಗ ಕಂಪ್ಯೂಟರಿನಾಗ ಅಕ್ಷರ ಜೋಡಸ್ತೀನಿ. ಪುಣೆದಾಗಿರೋ ನಮ್ಮ ಮಂದಿ ಮದುವಿ ಕಾರ್ಡು ಕನ್ನಡದಾಗ ಬೇಕಂದ್ರ ನನ್ನ ಕಡೆನೇ ಬರ್ತಾರ.

ಬಾಜೂಕ ಮರಾಠಿ ಟೇಬಲ್. ಅಲ್ಲೆ ಒಬ್ಬಾಕಿ ಹೆಣ್ಣಮಗಳು ಇದ್ದಾಳ, ಎಲ್ಲಾರೂ ವೈನಿ ಅಂತಾರ, ನಾನೂ ಅಂತೀನಿ. ಅಕಿ ಹತ್ತೂ ಬೆರಳಿಲೆ ಟೈಪ್ ಮಾಡ್ತಾಳ, ಕೀಬೋರ್ಡ್ ನೋಡೂದನ ಇಲ್ಲ. ನಾನು ಎರಡ ಬೆರಳಿನ ಮನಿಷಾ, ಅದೂ ಒಂದು ಬೆರಳು ಇನ್ನೊಂದನ್ನ ಕೇಳಿ ಒತ್ತಬೇಕು. ಅಕಿ ತಾಸಿನಾಗ ಒಂದು ಕಾರ್ಡ್ ಮುಗಸ್ತಾಳ, ನನಗ ಅರ್ಧಾ ದಿವಸ ಬೇಕು.

ದಸರಾ ಮುಗದ ಮರುದಿನ ಮಾಲಕರು ನನ್ನ ಕರದು ಕೂಡಸ್ಕೊಂಡ್ರು. ಅವರು ಮರಾಠಿಯವರು, ಒಳ್ಳೆ ಮನಿಷಾ, ಆದ್ರ ಮಾತು ಕತ್ತರಿ. "ಕಾಕಾ, ತುಳಸಿ ಲಗ್ನ ಆದ ಕೂಡಲೇ ಸೀಜನ್ ಶುರು ಆಗ್ತದ. ಅಷ್ಟರಾಗ ನಿಮ್ಮ ಟೇಬಲ್ ವೈನಿ ಟೇಬಲ್ ಸರಿಸಮ ಓಡಬೇಕು. ಇಲ್ಲಂದ್ರ ಆ ಜಾಗಾಕ್ಕ ನಾ ಕಲರ್ ಝೆರಾಕ್ಸ್ ಮಷೀನ್ ಇಡ್ತೀನಿ" ಅಂದ್ರು. ಮೂವತ್ತು ವರ್ಷ ಕೂತ ಜಾಗಾ! ನನ್ನ ಜಾಗಾಕ್ಕ ಒಂದು ಮಷೀನ್! ಖರೇ ಹೇಳ್ತೀನಿ, ಅಳುನ ಬಂತು.

೧. ಕಣ್ಣು ಇದ್ದ ಕಡೆ ಹಣಿ

ಆ ರವಿವಾರನ ಅಳಿಯ ಬಂದ. ಮಗಳ ಗಂಡ, ಬೆಂಗಳೂರಿನಾಂವ, ಹಿಂಜವಾಡಿಯ ಒಂದು ಕಂಪನಿಯಾಗ ಕಂಪ್ಯೂಟರ್ ಸಾಮಾನು ಪರೀಕ್ಷೆ ಮಾಡೋ ಕೆಲಸ. ಚೀಲದಿಂದ ಒಂದು ಕರೇ ಡಬ್ಬಿ ತಗದ. ಒಳಗ ಒಂದು ಮೌಸು. ಮೌಸು ಅಂದ್ರ ಅಂಥಿಂಥ ಮೌಸಲ್ಲ, ವಯರಿಲ್ಲ, ಅಂಗೈ ತುಂಬ ಅದ, ಹೆಬ್ಬಟ್ಟು ಕೂಡೋ ಬಾಜೂಕ ಸಾಲಿಗೆ ಮೂರರಂಗ ನಾಕು ಸಾಲು, ಒಟ್ಟು ಹನ್ನೆರಡು ಸಣ್ಣ ಸಣ್ಣ ಬಟನ್ನು. ಮ್ಯಾಲ ಕೆಂಪು, ಹಸರು, ನೀಲಿ ದೀಪ ಹೊಳೀತಾವ.

"ಮಾವ, ಇದು ಗೇಮ್ ಆಡೋರಿಗೆ ಮಾಡಿದ ಮೌಸ್. ಒಂದೊಂದು ಬಟನ್‌ಗೂ ನಮಗೆ ಬೇಕಾದ ಕೆಲಸ ಕಲಿಸಿಬಿಡಬಹುದು. ಗೇಮ್ ಆಡೋರ ಕೈಗೆ ಕೊಟ್ರೆ ಎಲ್ಲರೂ ಸೂಪರ್ ಅಂತಾರೆ ಅಷ್ಟೆ. ಬೇರೆ ಥರದವರ ಕೈಗೂ ಕೊಟ್ಟು ತಪ್ಪು ಹುಡುಕಿಸಿ ಅಂತ ನಮ್ಮ ಬಾಸ್ ಹೇಳಿದ್ದಾರೆ. ನೀವು ಒಂದು ತಿಂಗಳು ಉಪಯೋಗಿಸಿ ಈ ಫಾರ್ಮ್ ತುಂಬಿ ಕೊಡಿ" ಅಂದ.

"ತಪ್ಪು ಹುಡುಕೋ ಕೆಲಸಾ ಅಂದ್ರ ನಿಮ್ಮ ಅತ್ತಿಯವರಿಗೆ ಕೊಡ್ರಿ ಅಳಿಯಂದ್ರ, ಅವರಿಗೆ ಅನುಭವ ಭಾಳ ಅದ" ಅಂದೆ. ಒಳಗಿಂದ ಉಳ್ಳಾಗಡ್ಡಿ ಹೆಚ್ಚೋ ಸಪ್ಪಳ ಒಮ್ಮೆಲೆ ಜೋರಾತು.

ಮರುದಿನ ಪ್ರೆಸ್ಸಿಗೆ ಒಯ್ದೆ, ವಯರಿನ ಬದಲಿ ಕೊಟ್ಟಿದ್ದ ಅದರ ಸಣ್ಣ ಗುಟಕಾ ಕಂಪ್ಯೂಟರಿಗೆ ಚುಚ್ಚಿದೆ, ದೀಪ ಹತ್ತಿತು. ಸರಸಿದೆ. ಪರದೆ ಮ್ಯಾಲಿನ ಬಾಣ ಅಲ್ಲಾಡವಲ್ದು. ಎಡಕ್ಕ ಎಳದೆ, ಬಲಕ್ಕ ಎಳದೆ, ಗುದ್ದಿದೆ. ಬಾಣ ನಿಂತಲ್ಲೆ ನಿಂತದ. ಅಳಿಯಗ ಫೋನ್ ಹಚ್ಚಿದೆ. ಬಂದ್ ಮಾಡಿ ಚಾಲೂ ಮಾಡಿ ಅಂದ, ಮಾಡಿದೆ. ಬ್ಯಾಟರಿ ತೆಗೆದು ಹಾಕಿ ಅಂದ, ಹಾಕಿದೆ. ಕಂಪ್ಯೂಟರ್ ಹೊಸದಾಗಿ ಶುರು ಮಾಡಿ ಅಂದ, ಅದನ್ನೂ ಮಾಡಿದೆ. ಮುಕ್ಕಾಲು ತಾಸು ಆತು. ಅಕಡಿಂದ ಅವನ ದನಿ ಸಣ್ಣಾಗ್ಲಿಕ್ಕತ್ತು. "ಮಾವ, ಪೀಸೇ ಡಿಫೆಕ್ಟ್ ಇರಬೇಕು. ಅದನ್ನೇ ರಿಪೋರ್ಟ್‌ನಲ್ಲಿ ಬರೆದುಬಿಡೋಣ. ಒಂದ್ಸಲ ತಿರುಗಿಸಿ ಹೊಟ್ಟೆ ಕೆಳಗೆ ನೋಡಿ, ಸಣ್ಣ ಕಣ್ಣಿನ ಥರ ಒಂದು ತೂತು ಇರತ್ತೆ, ಅದರಲ್ಲಿ ಏನಾದರೂ ಕಸ ಇದೆಯಾ?"

ತಿರುವಿದೆ. ಕಣ್ಣಿನ ತುಂಬ ಕುಂಕುಮ! ಬೆಟ್ಟಿಲೆ ಒತ್ತಿ ಒತ್ತಿ ತುಂಬೇದ, ಅದರ ಮ್ಯಾಲ ನಾಕು ಅಕ್ಕಿಕಾಳು ಬ್ಯಾರೆ.

ಮನಿಗೆ ಫೋನ್ ಮಾಡಿದೆ. "ಅಲ್ಲಾ, ಮೌಸಿನ ಹೊಟ್ಟಿಗೆ ಯಾಕ ಕುಂಕುಮ ಹಚ್ಚಿದಿ?"

"ಹೊಸಾ ಸಾಮಾನು ಪೂಜಿ ಮಾಡದ ಹ್ಯಾಂಗ ಕಳಸ್ಲಿರಿ? ನೌಕರಿ ಉಳೀಲಿ ಅಂತ ಬೇಡಕೊಂಡು ಹಚ್ಚೀನಿ. ತಿರುವಿ ನೋಡಿದೆ, ಕೆಳಗ ಒಂದು ಕಣ್ಣು ಇತ್ತು. ಕಣ್ಣು ಅದ ಅಂದಮ್ಯಾಲ ಹಣಿ ಅಲ್ಲೇ ಇರಬೇಕಲಾ" ಅಂದ್ಳು ನಮ್ಮಾಕಿ.

ಏನಂತ ಹೇಳಲಿ? ಧೋತರದ ತುದಿ ಹಸೀ ಮಾಡಿ ವರಸಿದೆ, ಬಾಣ ಓಡ್ಲಿಕ್ಕತ್ತು. ಫಾರ್ಮಿನಾಗ ಒಂದು ಪ್ರಶ್ನೆ ಇತ್ತು, ಧೂಳು ಮತ್ತು ನೀರು ತಡೆಯುತ್ತದೆಯೇ ಅಂತ. ಎರಡಕ್ಕೂ ತಡೀತದ ಅಂತ ಬರದೆ, ಕೆಳಗ ಸೇರಸಿದೆ: "ಭಕ್ತಿ ತಡೆಯುವುದಿಲ್ಲ."

೨. ಬಟನ್ನು ಒಂಬತ್ತು, ಬಟನ್ನು ಹನ್ನೆರಡು

ಒಂದು ವಾರದಾಗ ನನಗ ಈ ಮೌಸಿನ ಗುಟ್ಟು ತಿಳೀತು. ಮದುವಿ ಕಾರ್ಡಿನಾಗ ಹೆಸರು, ತಾರೀಖು, ಮಂಗಲ ಕಾರ್ಯಾಲಯ ಬಿಟ್ರ ಉಳದದ್ದೆಲ್ಲಾ ಅದ ಅದ ಅಲ್ರಿ? ಮೂವತ್ತು ವರ್ಷ ಅದ ಸಾಲು ಎರಡ ಬೆರಳಿಲೆ ಕುಟ್ಟೀನಿ. ಈಗ ಒಂದೊಂದು ಬಟನ್ನಿಗೆ ಒಂದೊಂದು ಸಾಲು ಕಲಿಸಿಬಿಟ್ಟೆ. ಒಂದು ಒತ್ತಿದ್ರ ಕುಲದೇವರು ಪ್ರಸನ್ನ. ಎರಡು ಒತ್ತಿದ್ರ ಚಿರಂಜೀವ, ಮೂರಕ್ಕ ಚಿರಂಜೀವಿ ಸೌಭಾಗ್ಯವತಿ. ನಾಕಕ್ಕ "ಗುರುಹಿರಿಯರು ನಿಶ್ಚಯಿಸಿದಂತೆ". ಐದಕ್ಕ "ಸಹಕುಟುಂಬ ಸಹಪರಿವಾರ ಬಂದು ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ". ಹನ್ನೊಂದಕ್ಕ "ಆಶೀರ್ವಾದವೇ ಉಡುಗೊರೆ" ಅಂತ ಕಲಿಸಿದ್ದೆ. ಎಲ್ಲಾ ಬಟನ್ನೂ ಸವದಾವ, ಹನ್ನೊಂದು ಮಾತ್ರ ಇವತ್ತಿಗೂ ಹೊಸಾದರಂಗ ಅದ.

ಹನ್ನೆರಡನೇದು ಸಣ್ಣ ಹುಡುಗರ ಸಾಲು. ಪುಣೆ ಕಾರ್ಡಿನಾಗ ಕೆಳಗ ಮನಿ ಕೂಸುಗಳ ಹೆಸರು ಹಾಕಿ, ಅವರ ಕರದಂಗ ಒಂದು ಸಾಲು ಬರೀತಾರ. ನಮ್ಮ ಮಂದಿನೂ ಇಲ್ಲೆ ಬಂದು ಅದನ್ನ ಕಲ್ತಾರ. "ನಮ್ಮ ಕಾಕಾನ ಮದುವಿಗೆ ಎಲ್ಲಾರೂ ಬರ್ರಿ ಹಾಂ!" ಒಂದ ಒತ್ತು, ಆತು.

ನನ್ನ ಕಾರ್ಡು ಅರ್ಧಾ ದಿವಸದಿಂದ ಎರಡು ತಾಸಿಗೆ ಇಳೀತು. ವೈನಿ ಕಣ್ಣು ಮ್ಯಾಲಿಂದ ಮ್ಯಾಲ ಈ ಕಡೆ ಹೊಳ್ಳಲಿಕ್ಕತ್ತು. ನಾನು ಬೇಕಂತನ ಹಾಡು ಗುಣುಗುಟ್ಟಕೋತ ಒತ್ತತಿದ್ದೆ.

ಒಂದಿನ ಕಾತ್ರಜ ಕಡೆಯಿಂದ ಒಬ್ಬ ಅಜ್ಜಿ, ಮಗನ ಕರಕೊಂಡು ಬಂದ್ಳು. ಯಜಮಾನ್ರು ತೊಂಬತ್ತು ದಾಟಿ ಹೋಗಿದ್ರು, ಹದಿಮೂರನೇ ದಿವಸದ ಕಾರ್ಡು ಬೇಕಿತ್ತು. ಅದಕ್ಕೂ ನಾನು ಒಂಬತ್ತನೇ ಬಟನ್ನಿಗೆ ಒಂದು ಸಾಲು ಇಟ್ಟಿದ್ದೆ, "ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ" ಅಂತ. ಒಂಬತ್ತರ ಕೆಳಗ ಹನ್ನೆರಡು ಅದ ಅನ್ನೋದು ನನ್ನ ಹೆಬ್ಬಟ್ಟಿಗೆ ಮರತಿತ್ತು. ಟಕ್ ಟಕ್ ಒತ್ತಿದೆ, ಹಾಳಿ ತಗದೆ, ಜಂಬದಿಂದ ಅಜ್ಜಿ ಕೈಯಾಗ ಕೊಟ್ಟೆ. "ನೋಡ್ರಿ ಅಮ್ಮಾ, ಐದ ನಿಮಿಷ!"

ಅಜ್ಜಿ ಕನ್ನಡಕ ಏರಿಸಿ ಜೋರಾಗಿ ಓದಿದ್ಳು. ಊರು, ಹೆಸರು, ವಯಸ್ಸು, ದೇವರ ಪಾದ ಸೇರಿದ್ದು, ಎಲ್ಲಾ ಬರೋಬ್ಬರಿ ಅದ. ಕೊನೀಗೆ: "ನಮ್ಮ ಕಾಕಾನ ಮದುವಿಗೆ ಎಲ್ಲಾರೂ ಬರ್ರಿ ಹಾಂ!"

ಮಗ ನನ್ನ ಕಡೆ ನೋಡಿದ ನೋಟಕ್ಕ ಭೂಮಿ ಬಾಯಿ ಬಿಟ್ರ ಇಳದುಬಿಡ್ತಿದ್ದೆ. "ತಪ್ಪಾತ್ರಿ, ಬೆರಳು ಜಾರ್ತು" ಅಂತ ಕೈ ಮುಗದೆ. ಅಜ್ಜಿ ಮಾತ್ರ ಇನ್ನೊಮ್ಮೆ ಓದಿದ್ಳು. ಭುಜ ಅಲ್ಲಾಡ್ಲಿಕ್ಕತ್ತು. ಅಳ್ಲಿಕ್ಕತ್ತಾಳ ಅಂತ ತಿಳದೆ. ನಗ್ತಿದ್ಳು ತಾಯಿ! ಯಜಮಾನ್ರು ಹೋದಮ್ಯಾಲ ಮೊದಲ ಸಲ ನಕ್ಕಳಂತ, ಆಮ್ಯಾಲ ಮಗ ಹೇಳಿದ.

"ತಗೀರಿ ಮಾರಾಯ್ರ ಇದನ್ನ, ಲಗೂ ತಗೀರಿ" ಅಂದ್ಳು, ಸೆರಗಿಲೆ ಕಣ್ಣು ವರಸ್ಕೋತ. "ನನ್ನ ಜೋಡಿ ಎಪ್ಪತ್ತು ವರ್ಷ ಬಾಳೇ ಮಾಡಿ ಸಾಕಾಗಿ ಹೋಗ್ಯಾರ. ಇನ್ನೊಂದು ಮದುವಿ ಅದ ಅಂತ ಗೊತ್ತಾದ್ರ ಎದ್ದು ಬರ್ತಾರ!"

೩. ವೈನಿ ಟೇಬಲ್ಲಿನ ಭೂತ

ನಮ್ಮ ಪ್ರೆಸ್ಸಿನಾಗ ಕಸಾ ಹೊಡಿಯೋ ಮಾವಶಿಗೆ ಸ್ವಚ್ಛತಾ ಅಂದ್ರ ಜೀವ. ಕಂಪ್ಯೂಟರಿಗೆ ಚುಚ್ಚಿದ್ದನ್ನೆಲ್ಲಾ ಕಿತ್ತು ಧೂಳಾ ಝಾಡಿಸಿ ಮತ್ತ ಚುಚ್ತಾಳ. ಎಲ್ಲಿದ್ದದ್ದು ಎಲ್ಲಿ ಅನ್ನೋದು ಅಕಿಗೆ ದೊಡ್ಡ ಮಾತಲ್ಲ. ಒಂದಿನ ಮುಂಜಾನೆ ನನ್ನ ಮೌಸಿನ ಗುಟಕಾ ವೈನಿ ಕಂಪ್ಯೂಟರಿಗೆ ಹೋಗಿ ಕೂತಿತ್ತು. ನಮ್ಮಿಬ್ಬರಿಗೂ ಇದು ಗೊತ್ತಿಲ್ಲ.

ವೈನಿ ಮುಂದ ಒಬ್ಬ ನಿವೃತ್ತ ಮಾಸ್ತರ್ರು ಕೂತಿದ್ರು, ಹಳೇ ಪುಣೆಯವರು. ಮೊಮ್ಮಗಳ ಮದುವಿ ಕಾರ್ಡು. ಒಂದು ಕಾಮಾ ಆಚೀಚೆ ಆದ್ರ ವೈನಿಗೆ ಶಾಲಿ ಹುಡುಗಿಯಂಗ ಬೈತಿದ್ರು. ಮೂರು ದಿವಸದಿಂದ ಅಕಿ ಜೀವ ತಿಂದು ಹಾಕಿದ್ರು ಪಾಪ.

ಇಕಡೆ ನನ್ನ ಬಾಣ ಅಲ್ಲಾಡವಲ್ದು. ಮತ್ತ ಕುಂಕುಮ ಬಿತ್ತೇನು ಅಂತ ತಿರುವಿ ನೋಡಿದೆ, ಇಲ್ಲ. ಸಿಟ್ಟು ಬಂತು. ಒಂದರಿಂದ ಹನ್ನೆರಡರ ತನಕ ಎಲ್ಲಾ ಬಟನ್ನೂ ಧಡಾಧಡಾ ಒತ್ತಿದೆ. ಮತ್ತ ಒತ್ತಿದೆ. ಮೂರನೇ ಸಲ ಒತ್ತೋದ್ರಾಗ ವೈನಿ ಖುರ್ಚಿ ಬಿಟ್ಟು ಎದ್ದು ಗ್ವಾಡಿಗೆ ಹತ್ತಿದ್ಳು. "ಅಗಬಾಯೀ! ಕಾಕಾ, ಇಲ್ಲೆ ತಾನ ಟೈಪ್ ಆಗ್ಲಿಕ್ಕತ್ತದ!"

ಓಡಿ ಹೋಗಿ ನೋಡ್ತೀನಿ, ಮಾಸ್ತರ್ರ ಮರಾಠಿ ಕಾರ್ಡಿನ ಅಂಚಿನಾಗ ನಕ್ಷೆಗೆ ಬಿಟ್ಟ ಪಟ್ಟಿ ಸುತ್ತ ನನ್ನ ಕನ್ನಡ ಸಾಲು ಹರಿದಾವ. ಕುಲದೇವರು ಪ್ರಸನ್ನ, ಚಿರಂಜೀವ, ಸಹಕುಟುಂಬ ಸಹಪರಿವಾರ, ಕಾಕಾನ ಮದುವಿಗೆ ಬರ್ರಿ ಹಾಂ, ಒಂದರ ಹಿಂದ ಒಂದು, ಮೂರು ಸುತ್ತು. ಪುಣ್ಯಾಕ್ಕ ಒಂಬತ್ತರ ಸಾಲು ಅಜ್ಜಿ ಬಂದ ದಿವಸನ ತಗದಿದ್ದೆ. ನಾನು ಗುಟಕಾ ಕಿತಗೊಂಡೆ. "ಈಗ ಅಳಸ್ತೀನ್ರಿ ಸರ್, ಈಗ ಅಳಸ್ತೀನಿ" ಅಂತ ವೈನಿ ಓಡಿ ಬಂದು ಕೀಬೋರ್ಡ್ ಮುಟ್ಟಿದ್ಳು.

"ಥಾಂಬಾ!" ಅಂತ ತಡದ್ರು ಮಾಸ್ತರ್ರು. ಕನ್ನಡಕ ಮ್ಯಾಲ ಮಾಡಿ, ಕೆಳಗ ಮಾಡಿ, ಪರದೆ ಹತ್ರ ಮಾರಿ ಒಯ್ದು ನೋಡಿದ್ರು. ಮೂರು ದಿವಸದಾಗ ಮೊದಲ ಸಲ ಅವರ ಮಾರಿ ಮ್ಯಾಲ ನಗಿ ಮೂಡ್ತು. "ಹೀ ವೇಲಬುಟ್ಟಿ ಛಾನ್ ಆಹೇ. ರಾಹೂ ದ್ಯಾ." ಬಳ್ಳಿ ನಕ್ಷೆ ಛಂದ ಅದ, ಇರ್ಲಿ ಬಿಡ್ರಿ ಅಂತ! ನಮ್ಮ ಗುಂಡು ಗುಂಡು ಅಕ್ಷರ ಅವರ ಕಣ್ಣಿಗೆ ಹೂಬಳ್ಳಿ ಆಗಿ ಕಂಡಿದ್ವು.

ಇವು ಅಕ್ಷರ ಅದಾವ್ರಿ ಅಂತ ನಾ ಹೇಳಬೇಕಿತ್ತು. ಬಾಯಿ ತಗದೆ. ವೈನಿ ನನ್ನ ಕಾಲು ತುಳದ್ಳು.

ಕಾರ್ಡು ಹಂಗ ಛಾಪಾತು, ಬಂಗಾರ ಬಣ್ಣದಾಗ, ಭಾಳ ಛಂದ ಬಂತು. ಮುಂದ ತುಳಸಿ ಲಗ್ನ ಆದಮ್ಯಾಲ, ಮದುವಿ ದಿವಸ ಮಾಸ್ತರ್ರು ಸಂಜೀಮುಂದ ಪೇಡೆ ಡಬ್ಬಿ ಹಿಡಕೊಂಡು ಪ್ರೆಸ್ಸಿಗೆ ಬಂದ್ರು. ಎಲ್ಲಾ ಛಲೋ ಆತು, ಆದ್ರ ಒಂದು ತಿಳೀಲಿಲ್ಲ ಅಂದ್ರು. ಮಂಗಲ ಕಾರ್ಯಾಲಯದ ಬಾಜೂಕ ಕಟ್ಟಡ ಕಟ್ಟೋ ನಮ್ಮ ಕಲಬುರಗಿ ಕಡೆ ಮಂದಿ ಇದ್ರಂತ, ಯಾರೋ ಅವರ ಕೈಯಾಗ ಒಂದು ಕಾರ್ಡ್ ಕೊಟ್ಟಿದ್ರಂತ.

"ನಲವತ್ತು ಮಂದಿ, ಹೊಸ ಅರಿವಿ ಹಾಕ್ಕೊಂಡು, ಹೆಂಡರು ಮಕ್ಕಳನ್ನ ಕರಕೊಂಡು ಊಟಕ್ಕ ಬಂದ್ರು. ಯಾರ್ರಿ ನೀವು ಅಂತ ಕೇಳಿದ್ರ, ಎಲ್ಲಾರನೂ ಕರಕೊಂಡು ಬರ್ರಿ ಅಂತ ನೀವ ಮೂರು ಮೂರು ಸಲ ಬರದೀರಿ ಅಂದ್ರು!"

೪. ಒಂದರಿಂದ ನಾಕು ಬಂದ್

ತಿಂಗಳು ತುಂಬೋ ಹೊತ್ತಿಗೆ ಅಳಿಯನ ಫೋನು. "ಮಾವ, ನಮ್ಮ ಆಫೀಸಿನವರು ನಿಮ್ಮ ಜೊತೆ ವಿಡಿಯೋದಲ್ಲಿ ಮಾತಾಡಬೇಕಂತೆ. ಯಾವ ಬಟನ್ ಎಷ್ಟು ಸಲ ಒತ್ತಿದ್ದಾರೆ ಅಂತ ಅವರಿಗೆ ಗೊತ್ತಾಗತ್ತೆ. ನೀವು ಒತ್ತಿದಷ್ಟು ಯಾರೂ ಒತ್ತಿಲ್ಲ. ಯಾರಪ್ಪಾ ಈ ಆಟಗಾರ ಅಂತ ಎಲ್ಲರಿಗೂ ಆಶ್ಚರ್ಯ" ಅಂದ. ಅವನ ದನಿಯಾಗ ಮಾವನ ಬಗ್ಗೆ ಅಭಿಮಾನ ಕೇಳಿಸಿದ್ದು ಅದ ಮೊದಲು. ಹುಬ್ಬಿಹೋದೆ.

ಪರದೆ ಮ್ಯಾಲ ಇಬ್ಬರು ಪಡ್ಡೆ ಹುಡುಗರು, ಕಿವಿಗೆ ದೊಡ್ಡ ದೊಡ್ಡ ಡಬ್ಬಿ ಹಾಕ್ಕೊಂಡಿದ್ರು. ಹಿಂದಿಯೊಳಗ ಕೇಳ್ಲಿಕ್ಕೆ ಶುರು ಮಾಡಿದ್ರು.

"ಸರ್, ದಿನಾ ಎಷ್ಟು ತಾಸು ಆಡ್ತೀರಿ?"

"ಹತ್ತರಿಂದ ಒಂದು, ನಾಕರಿಂದ ಎಂಟು."

"ಒಂದರಿಂದ ನಾಕು ಯಾಕಿಲ್ಲ?"

"ಪುಣೆದಾಗ ಇದ್ದೀರೋ ಮತ್ತೆಲ್ಲಿ ಇದ್ದೀರಿ? ಒಂದರಿಂದ ನಾಕು ಅಂಗಡಿ ಬಂದ್ ಇರ್ತದ, ಮಾಲಕರು ಮಲಕೋತಾರ."

ಇಬ್ಬರೂ ಬರಕೊಂಡ್ರು. "ಎಷ್ಟು ವರ್ಷದಿಂದ ಆಡ್ಲಿಕ್ಕತ್ತೀರಿ?"

"ಮೂವತ್ತು."

ಒಬ್ಬಾಂವ ಕಿವಿ ಡಬ್ಬಿ ತಗದು ಮತ್ತ ಹಾಕ್ಕೊಂಡ. "ನಿಮ್ಮ ತಂಡದಾಗ ಎಷ್ಟು ಮಂದಿ?"

"ನಾನೊಬ್ಬನ."

"ಎದುರಾಳಿ?"

"ವೈನಿ. ಭಾಳ ಗಟ್ಟಿ ಇದ್ದಾಳ. ಹತ್ತೂ ಬೆರಳಿಲೆ ಬರ್ತಾಳ."

"ಸೋತ್ರ ಏನಾಗ್ತದ ಸರ್? ಪಾಯಿಂಟ್ ಹೋಗ್ತಾವೇನು?"

"ಪಾಯಿಂಟ್ ಎಲ್ಲಿಂದ ತಂದೆಪಾ! ನನ್ನ ಖುರ್ಚಿನ ಹೋಗ್ತದ. ತುಳಸಿ ಲಗ್ನದ ತನಕ ಟೈಮ್ ಅದ."

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. "ಇಷ್ಟು ಕಠಿಣ ಆಟ ನಾವು ಕೇಳೇ ಇಲ್ಲ ಸರ್. ಆಟದ ಹೆಸರು ಏನು?"

"ಮದುವಿ."

ಅದರಾಗ ಸಣ್ಣಾಂವ ಪೆನ್ನು ಹಿಡದು ಭಾಳ ಮರ್ಯಾದಿಯಿಂದ ಕೇಳಿದ: "ಮೊಬೈಲ್‌ನಾಗ ಸಿಗ್ತದೇನ್ರಿ?"

೫. ಯಾರ ಹೆಸರು ಮ್ಯಾಲ?

ತುಳಸಿ ಲಗ್ನಕ್ಕ ಎರಡ ದಿವಸ ಉಳದಿದ್ವು. ಮಾಲಕರು ಹತ್ತಕ್ಕ ಬಂದು ಗಡಿಯಾರ ತೋರಿಸಿದ್ರು. "ಇವತ್ತ ಪರೀಕ್ಷೆ. ಇಬ್ಬರಿಗೂ ಈಗ ಬರೋ ಒಂದೊಂದು ಗಿರಾಕಿ. ಒಂದಕ್ಕ ಶಟರ್ ಎಳೀತೀನಿ. ಅಷ್ಟರಾಗ ಗಿರಾಕಿ ಸಹಿ ಮಾಡಿದ ಕಾರ್ಡು ನನ್ನ ಕೈಯಾಗ ಇರಬೇಕು. ಇಲ್ಲಂದ್ರ ಸೋಮವಾರ ಮಷೀನ್ ಬರ್ತದ ಕಾಕಾ, ಸಿಟ್ಟಾಗಬ್ಯಾಡ್ರಿ."

ವೈನಿಗೆ ಬಂದಾಂವ ಒಬ್ಬ ಬ್ಯಾಂಕಿನಾಂವ. ಆರು ಹೆಸರು, ನೀಟಾಗಿ ಟೈಪ್ ಮಾಡಕೊಂಡು ಬಂದಿದ್ದ. ನಲವತ್ತು ನಿಮಿಷದಾಗ ಸಹಿ ಹಾಕಿ ಹೋದ.

ನನಗ ಬಂದಾಂವ ಯೆರವಡಾದ ಮುಕಾದಮ. ಯಾದಗಿರಿ ಕಡೆಯಾಂವ, ಸ್ಲ್ಯಾಬ್ ಹಾಕೋ ಗ್ಯಾಂಗ್ ನಡಸ್ತಾನ. ಮಗಳ ಮದುವಿ. ಒಬ್ಬನ ಬರಲಿಲ್ಲ ಪುಣ್ಯಾತ್ಮ, ಟೆಂಪೋ ತುಂಬ ಬಳಗ ಕರಕೊಂಡು ಬಂದ. ನಮ್ಮ ಕಡೆ ಕಾರ್ಡು ನೀವು ನೋಡೀರಿ. ಮದುಮಕ್ಕಳ ಹೆಸರು ಎರಡ ಸಾಲು, "ತಮ್ಮ ಸುಖಾಗಮನ ಬಯಸುವವರು" ಅಂತ ಬಳಗದ ಹೆಸರು ಎರಡು ಕಾಲಮ್ಮು. ಒಂದು ಹೆಸರು ಬಿಟ್ರ ಹತ್ತು ವರ್ಷ ಮಾತು ಬಿಡ್ತಾರ. ಮ್ಯಾಲಿನ ಹೆಸರು ಕೆಳಗಾದ್ರ ಹುಟ್ಟಿದ ಕೂಸಿಗೂ ಆ ಸಿಟ್ಟು ಹೇಳಿಕೊಡ್ತಾರ.

ಒಟ್ಟು ಮೂವತ್ತಾರು ಹೆಸರು. ಹನ್ನೊಂದರೊಳಗ ಎಲ್ಲಾ ಹಾಕಿಬಿಟ್ಟೆ. ಹುಡುಗಿಯ ದೊಡ್ಡಪ್ಪನ ಹೆಸರು ಮೊದಲು ಇಟ್ಟೆ.

"ಇದೇನ್ರಿ?" ಅಂದ ಸೋದರಮಾವ, ಕೈಯಾಗಿನ ಟೊಪಗಿ ಟೇಬಲ್ ಮ್ಯಾಲ ಬಡದು. "ತಾಳಿ ಕಟ್ಟೋ ಮುಂದ ಹುಡುಗಿನ್ನ ಎತ್ತಿಕೊಂಡು ಬರಾಂವ ನಾನು. ನನ್ನ ಹೆಸರು ಎಂಟನೇದು?"

ಹೆಸರು ಏರಸಲಿಕ್ಕೆ ಆರನೇ ಬಟನ್ನು, ಇಳಸಲಿಕ್ಕೆ ಏಳನೇದು. ಟಕ್ ಟಕ್, ಸೋದರಮಾವ ಮ್ಯಾಲ ಬಂದ. ದೊಡ್ಡಪ್ಪ ಎದ್ದು ನಿಂತ. "ನಡೀರಿ, ನಾ ಟೆಂಪೋದಾಗ ಕೂಡ್ತೀನಿ. ಮದುವಿ ಅವನ ಮಾಡ್ಲಿ." ಏಳು ಒತ್ತಿದೆ, ಸೋದರಮಾವ ಕೆಳಗ. ಅಂವ ಎದ್ದ. ಆರು ಒತ್ತಿದೆ. ಹನ್ನೆರಡೂ ಹೊಡೀತು, ನಾನು ಆರು ಏಳು, ಆರು ಏಳು ಒತ್ತಕೋತ ಕೂತೀನಿ. ಹುಡುಗಿಯ ಅತ್ತಿ ಮಾವ, ಕಾಕಾ, ಮುಕಾದಮನ ಹಿರೇ ಅಳಿಯ ಎಲ್ಲಾರೂ ನನ್ನ ಖುರ್ಚಿ ಸುತ್ತ ಮುಕರಿದ್ರು. ಹಿಂದಿಂದ ಯಾರೋ ನನ್ನ ಹೆಗಲ ಮ್ಯಾಲ ಕೈ ಹಾಕಿ ತಾವ ಬಟನ್ನು ಒತ್ತಲಿಕ್ಕೆ ನೋಡಿದ್ರು. ಮುಕಾದಮ ಮೂಲಿಯಾಗ ತಲಿ ಹಿಡಕೊಂಡು ಕೂತಿದ್ದ. ಹತ್ತು ಅಂತಸ್ತಿನ ಮ್ಯಾಲ ನಿಂತು ಸ್ಲ್ಯಾಬ್ ಹಾಕೋ ಗಂಡಸು, ಕಣ್ಣಾಗ ನೀರು ತಂದಿದ್ದ. "ಕಾಕಾ, ಏನರೆ ಮಾಡ್ರಿ. ಕಾರ್ಡಿನ ಸಲುವಾಗಿ ಮದುವಿ ಮುರೀತದ" ಅಂದ.

ಹನ್ನೆರಡೂಕಾಲು. ಮಾಲಕರು ಶಟರಿನ ಕೀಲಿ ಕೈಯಾಗ ಹಿಡಕೊಂಡು ನಿಂತಿದ್ರು. ವೈನಿ ತನ್ನ ಕೆಲಸ ಬಿಟ್ಟು ನನ್ನ ಕಡೆ ನೋಡ್ತಿದ್ಳು. ಖುಷಿ ಇರ್ಲಿಲ್ಲ ಅಕಿ ಮಾರಿಯಾಗ, ಕಾಳಜಿ ಇತ್ತು. ಹೋತು, ಮೂವತ್ತು ವರ್ಷ ಹೋತು ಅಂದಕೊಂಡೆ.

ಅವಾಗ ಸಿಟ್ಟು ಬಂತು ನೋಡ್ರಿ. ಮ್ಯಾಲ ಕೆಳಗ ಅಂತ ಇದ್ರನ ಅಲಾ ಜಗಳ! ಎಲ್ಲಾ ಹೆಸರು ಬಾಜೂಕ ಸರಸಿದೆ. ನಡುವ ಮದುಮಕ್ಕಳನ್ನ ಇಟ್ಟೆ. ಹತ್ತನೇ ಬಟನ್ನಿಗೆ ಹೊಸಾ ಪಾಠ ಕಲಿಸಿದೆ: ಒಂದು ಹೆಸರು ಎತ್ತು, ಮದುಮಕ್ಕಳ ನೆತ್ತಿ ಮ್ಯಾಲ ತಂದು ಇಡು, ಹೆಸರುಗಳ ಚಕ್ರ ಹತ್ತು ಡಿಗ್ರಿ ತಿರುವು. ಕೈಲೆ ಮಾಡಿದ್ರ ಸಂಜೀತನಕ ಹಿಡೀತಿತ್ತು. ಮೌಸಿಗೆ ಒಂದ ಒತ್ತು. ಮೂವತ್ತಾರು ಮಂದಿ, ಹತ್ತು ಹತ್ತು ಡಿಗ್ರಿ, ಲೆಕ್ಕಾ ಹಚ್ಚಿದ್ರ ಬರೋಬ್ಬರಿ ಒಂದು ಸುತ್ತು.

"ಎಲ್ಲಾರೂ ಪರದೆ ನೋಡ್ರಿ" ಅಂದೆ. ಒತ್ತಿದೆ. ದೊಡ್ಡಪ್ಪನ ಹೆಸರು ಹಾರಿ ಬಂದು ನೆತ್ತಿ ಮ್ಯಾಲ ಕೂತಿತು. "ನೋಡ್ರಿ ಯಜಮಾನ್ರ, ನೀವ ಎಲ್ಲಾರಕಿಂತ ಮ್ಯಾಲ." ಅಂವ ಮೀಸಿ ತಿರುವಿದ. ಮತ್ತ ಒತ್ತಿದೆ. ಚಕ್ರ ತಿರುಗಿತು, ಸೋದರಮಾವ ಬಂದು ನೆತ್ತಿ ಮ್ಯಾಲ ಕೂತ. "ನೋಡ್ರಿ ಮಾವನವರ, ಈಗ ನೀವ ಮ್ಯಾಲ." ಅಂವ ಟೊಪಗಿ ಹಾಕ್ಕೊಂಡ. ಒತ್ತಿದೆ, ಒತ್ತಿದೆ, ಒತ್ತಿದೆ. ಒಬ್ಬೊಬ್ಬರ ಹೆಸರು ನೆತ್ತಿಗೆ ಬಂದಾಗ ಅವರ ಮನಿಯವರು ಚಪ್ಪಾಳಿ ಹೊಡದ್ರು. ಟೆಂಪೋ ಡ್ರೈವರನೂ ಒಳಗ ಬಂದು ನಿಂತ.

ಛಾಪಾ ತಗದು ಕೈಯಾಗ ಕೊಟ್ಟೆ. ದುಂಡಗ, ಹೊಳಿಗಿಯಂಗ ಬಂದಿತ್ತು. ಹಿರೇ ಅಳಿಯ ತಕರಾರು ತಗದ. "ನನ್ನ ಹೆಸರು ತಲೆಕೆಳಗ ಅದಲ್ರಿ?"

ಅವನ ಕೈಯಾಗಿನ ಕಾರ್ಡು ಹಿಡದು ತಿರುವಿ ಕೊಟ್ಟೆ. "ಈಗ?"

ಅಂವ ನೋಡಿದ. "ಹಾಂ, ನಂದು ಸೀದಾ ಆತು." ಇನ್ನಷ್ಟು ಬಗ್ಗಿ ನೋಡಿದ. "ದೊಡ್ಡಪ್ಪಂದು ತಲೆಕೆಳಗಾತು. ಭಾಳ ಛಲೋ ಬಂದದ, ಹಿಂಗ ಇರ್ಲಿ!"

ಹನ್ನೆರಡೂ ಐವತ್ತಕ್ಕ ಮುಕಾದಮ ಸಹಿ ಹಾಕಿದ. ಹಾಕಿ, ಪೆನ್ನು ಇಟ್ಟು, ನನ್ನ ಕಾಲಿಗೆ ಬಿದ್ದ. ಎಬ್ಬಿಸಿ ಅಪ್ಪಿಕೊಂಡೆ. ವೈನಿ ಶೀಟಿ ಹೊಡದ್ಳು, ಅಕಿಗೆ ಶೀಟಿ ಹೊಡೀಲಿಕ್ಕೆ ಬರ್ತದ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಗೆದ್ದೆನ್ರಿ! ಐವತ್ತೇಳನೇ ವಯಸ್ಸಿನಾಗ, ಒಂದು ಹೆಬ್ಬಟ್ಟಿಲೆ ಗೆದ್ದೆ!

ಮಾಲಕರು ಕಾರ್ಡು ತಗೊಂಡು ತಿರುವಿ ತಿರುವಿ ನೋಡಿದ್ರು. ಎಲ್ಲಾರೂ ಹೋದ ಮ್ಯಾಲ ಶಟರ್ ಅರ್ಧಾ ಎಳದು, ಒಳಗ ಬಗ್ಗಿ ಬಂದು, ನನ್ನ ಟೇಬಲ್ ಮುಂದಿನ ಗಿರಾಕಿ ಸ್ಟೂಲ್ ಮ್ಯಾಲ ಕೂತ್ರು. ದನಿ ಸಣ್ಣ ಮಾಡಿ ಅಂದ್ರು: "ಕಾಕಾ, ನನ್ನ ಮಗನ ಲಗ್ನ ಠರಾವ ಆಗ್ಯದ. ನಾವು ಐದು ಮಂದಿ ಅಣ್ಣತಮ್ಮಂದಿರು. ಕಾರ್ಡಿನಾಗ ಯಾರ ಹೆಸರು ಮೊದಲು ಅಂತ ಇಪ್ಪತ್ತು ದಿವಸದಿಂದ ಮನಿಯಾಗ ಒಬ್ಬರಿಗೊಬ್ಬರು ಮಾತಾಡಿಲ್ಲ. ಆ ದುಂಡನ್ನೂದು ಮರಾಠಿಯೊಳಗ ಬರ್ತದೇನು?"

"ಬರ್ತದ್ರಿ. ಆದ್ರ ಸೋಮವಾರ ಮಷೀನ್ ಬಂದ್ರ ನಾ ಎಲ್ಲಿ ಕೂತು ಮಾಡ್ಲಿ?"

"ಮಷೀನ್ ಹೊರಗ ಪಾವಟಿಗಿ ಮ್ಯಾಲ ಇಡ್ತೀನಿ ಮಾರಾಯಾ. ನೀವು ರಿಟೈರ್ ಆಗೂತನಕ ಈ ಟೇಬಲ್ ಅಲ್ಲಾಡೂದಿಲ್ಲ!"

ಐದು ಮಂದಿಗೆ ಎಪ್ಪತ್ತೆರಡು ಎಪ್ಪತ್ತೆರಡು ಡಿಗ್ರಿ. ವೈನಿ ಮರಾಠಿ ಟೈಪ್ ಮಾಡಿ ಕೊಟ್ಳು, ನಾ ಐದು ಸಲ ಬಟನ್ನು ಒತ್ತಿದೆ. ನಡುವ ಮದುಮಕ್ಕಳು, ಸುತ್ತ ಐದು ಮಂದಿ ಅಣ್ಣತಮ್ಮಂದಿರು. ಮಾಲಕರ ಮನ್ಯಾಗ ಮಾತು ಶುರು ಆದ್ವು.

ಮದುವಿ ಮುಂಚಿನ ದಿವಸ ಅರಿಶಿಣದ ಕಾರ್ಯಕ್ಕ ನಮ್ಮನ್ನ ಕರದ್ರು, ಹೋದ್ವಿ. ಒಂದ ವಾಡೆ, ಐದು ಮನಿ, ಐದು ಬಾಗಲಾ. ಪ್ರತಿಯೊಬ್ಬ ಅಣ್ಣತಮ್ಮನೂ ತನ್ನ ಬಾಗಲಕ್ಕ ಕಾರ್ಡು ಹಚ್ಚಿದ್ದ, ತನ್ನ ಹೆಸರು ಮ್ಯಾಲ ಬರೋಹಂಗ ತಿರುವಿ. ಹಿಂಗಾಗಿ ನಡುವಿನ ಮದುಮಕ್ಕಳು ಒಂದು ಬಾಗಲಾದಾಗ ಸೀದಾ ನಿಂತಿದ್ರು, ಎರಡು ಬಾಗಲಾದಾಗ ಅಡ್ಡಾ ಮಲಕೊಂಡಿದ್ರು, ಇನ್ನೆರಡರಾಗ ಕಾಲು ಮ್ಯಾಲ ತಲಿ ಕೆಳಗ. ಅಷ್ಟು ಮಂದಿ ಬಂದು ಹೋಗ್ತಿದ್ರು, ಒಬ್ಬರೂ ತಕರಾರು ಮಾಡಲಿಲ್ಲ.

ಮದುಮಗ ಒಬ್ಬನ ಇದನ್ನ ಗಮನಿಸಿದ್ದ. ಮೈ ತುಂಬ ಅರಿಶಿಣ ಹಚ್ಚಿಕೊಂಡು, ಐದನೇ ಬಾಗಲಾದ ಮುಂದ ಕುತ್ತಿಗಿ ಹೊಳ್ಳಿಸಿ ನೋಡಿದ. ಆಮ್ಯಾಲ ನನ್ನ ಕಡೆ ಬಂದು ಮೆಲ್ಲಕ ಕೇಳಿದ: "ಕಾಕಾ, ನನ್ನ ಮದುವಿಯಾಗ ನಾನ ಯಾಕ ಉಲ್ಟಾ ನಿಂತೀನಿ?"

"ಎರಡು ದಿವಸ ತಡೀಪಾ" ಅಂದೆ, "ರೂಢಿ ಆಗ್ತದ."